ಮೊದಲು ಹುಡುಗರಿಗೆ ಹೇಳಿ: ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳಿಗೂ ಅವರನ್ನು ಕರೆಸಿಕೊಳ್ಳುವ ವಿಶ್ವವಿದ್ಯಾಲಯಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನವಳು. ಹದಿನಾಲ್ಕು ವರ್ಷಗಳಿಂದ ಅಮೆರಿಕದ ನಡುಭಾಗದ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಆಟಗಾರ ವಿದ್ಯಾರ್ಥಿಗಳಿಗೆ ಗಣಿತ, ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಸ್ಟೇಡಿಯಂ ಪಕ್ಕದ ಕಟ್ಟಡದ ಎರಡನೇ ಮಹಡಿಯಲ್ಲಿ ನನ್ನ ಮೇಜು. ಬೆಳಗಿನ ಪ್ರಾಕ್ಟೀಸ್ ಮುಗಿಸಿ, ಮೊಣಕಾಲಿಗೆ ಐಸ್ ಕಟ್ಟಿಕೊಂಡು ಬಂದು ಕೂರುವ ಹುಡುಗರಿಗೆ ಪ್ರಾಬಬಿಲಿಟಿ ಅರ್ಥ ಮಾಡಿಸುವುದು ನನ್ನ ದಿನದ ಕೆಲಸ. ಆಟದ ತಂತ್ರಗಳ ಬಗ್ಗೆ ನಿಮಗೆ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ. ಆಡುವ ಹುಡುಗರ ಬಗ್ಗೆ ಇದೆ: ನೀವು ತಂಡ ಬಿಟ್ಟು ಬೇರೆ ಕೆಲಸಕ್ಕೆ ಹೊರಟಾಗ ಅದು ಅವರಿಗೆ ಹೇಗೆ ತಿಳಿಯುತ್ತದೆ ಎಂಬುದರ ಬಗ್ಗೆ.

ಇದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಕೆಲವು ಕ್ರೀಡಾ ನಿರ್ದೇಶಕರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಇಲ್ಲಿ ಮನೆ ಮಾಡಿಕೊಂಡಿರುವ ನಮ್ಮವರೂ ಓದಲಿ ಎಂದು. ನಮ್ಮ ಮಕ್ಕಳು ಇದೇ ಕಾಲೇಜುಗಳಲ್ಲಿ ಓದುತ್ತಾರೆ, ಶನಿವಾರ ಬಂದರೆ ಕಾಲೇಜಿನ ಬಣ್ಣದ ಅಂಗಿ ತೊಟ್ಟು ಸ್ಟೇಡಿಯಂಗೆ ಹೋಗುತ್ತಾರೆ. ನಾವು ಕಟ್ಟುವ ಫೀಸು, ತೆರಿಗೆ ಇದೇ ಸಂಸ್ಥೆಗಳಿಗೆ ಸೇರುತ್ತದೆ. ಇದು ನಮಗೆ ಸಂಬಂಧವಿಲ್ಲದ ವಿಷಯ ಎಂದು ಸುಮ್ಮನಿರಲು ನನ್ನಿಂದ ಆಗಲಿಲ್ಲ.

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಮೊದಲ ವಾರದ ಒಂದು ಸಂಜೆ. ನನ್ನೆದುರು ಕೂತಿದ್ದವನು ಎರಡನೇ ವರ್ಷದ ಹುಡುಗ, ತಂಡದಲ್ಲಿ ಲೈನ್‌ಬ್ಯಾಕರ್, ಅಂದರೆ ಎದುರು ತಂಡವನ್ನು ತಡೆಯುವ ಆಟಗಾರ. ಎರಡು ದಿನ ಕಳೆದರೆ ಸಂಖ್ಯಾಶಾಸ್ತ್ರದ ಫೈನಲ್ ಪರೀಕ್ಷೆ. ಒಂದು ಲೆಕ್ಕ ಅರ್ಧಕ್ಕೆ ಬಂದಿತ್ತು. ಅವನ ಫೋನು ಮೇಜಿನ ಮೇಲೆ ಗುಂಯ್ ಎಂದಿತು, ಮತ್ತೆ ಗುಂಯ್ ಎಂದಿತು. ಓದುವ ಕೋಣೆಯಲ್ಲಿ ಫೋನು ಮುಟ್ಟುವಂತಿಲ್ಲ ಎಂಬುದು ನಮ್ಮ ನಿಯಮ. ಆದರೆ ಆ ಹೊತ್ತಿಗೆ ಕೋಣೆಯಲ್ಲಿದ್ದ ಎಲ್ಲರ ಫೋನೂ ಸದ್ದು ಮಾಡತೊಡಗಿತ್ತು. ತಂಡದ ಮುಖ್ಯ ಕೋಚ್ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದಾರೆ ಎಂದು ಯಾರೋ ಪತ್ರಕರ್ತರು ಸುದ್ದಿ ಹಾಕಿದ್ದರು. ಹುಡುಗ ಅದನ್ನು ಓದಿ ಪೆನ್ಸಿಲ್ ಕೆಳಗಿಟ್ಟ. "ಅವರು ನಮ್ಮಮ್ಮನ ಅಡುಗೆಮನೇಲಿ ಕೂತು ಊಟ ಮಾಡಿದ್ರು ಮೇಡಂ" ಎಂದ. ಮತ್ತೆ ಆ ಸಂಜೆ ಮಾತಾಡಲಿಲ್ಲ. ಕೋಚ್ ತಂಡದ ಮುಂದೆ ನಿಂತದ್ದು ಮರುದಿನ ಬೆಳಗ್ಗೆ. ಐದು ನಿಮಿಷವೂ ಆಗಲಿಲ್ಲವಂತೆ.

ಊರಿನಲ್ಲಿರುವವರಿಗೆ ಇದು ಇಷ್ಟು ದೊಡ್ಡ ವಿಷಯ ಯಾಕೆ ಎನ್ನಿಸಬಹುದು. ಇಲ್ಲಿಯ ಫುಟ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ. ಅದರ ಕಾಲೇಜು ಕೋಚ್ ಎಂದರೆ ನಮ್ಮಲ್ಲಿ ಸಂಜೆ ಸೀಟಿ ಊದುವ ಮೇಷ್ಟ್ರ ಹಾಗಲ್ಲ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರಲ್ಲೆಲ್ಲ ಹೆಚ್ಚು ಸಂಬಳ ಅವರದೇ, ರಾಜ್ಯಪಾಲರಿಗಿಂತ ಹಲವು ಪಟ್ಟು. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹುಡುಗನ ಮನೆಗೆ ಅವರೇ ಹೋಗುತ್ತಾರೆ, ತಂದೆತಾಯಿಯ ಜೊತೆ ಕೂತು ಮಾತಾಡುತ್ತಾರೆ, ಅಜ್ಜಿಯ ಆರೋಗ್ಯ ಕೇಳುತ್ತಾರೆ. ನಿಮ್ಮ ಮಗನನ್ನು ನನ್ನ ಮಗನ ಹಾಗೆ ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ಹದಿನೇಳು ವರ್ಷದ ಹುಡುಗ ಸಹಿ ಹಾಕುವುದು ವಿಶ್ವವಿದ್ಯಾಲಯದ ಹೆಸರಿದ್ದ ಕಾಗದಕ್ಕೆ, ಆದರೆ ಅವನ ಮನಸ್ಸಿನಲ್ಲಿರುವುದು ಆ ಮನುಷ್ಯನ ಮುಖ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ನೀವು ಆ ಅಡುಗೆಮನೆಯವರೆಗೂ ಹೋಗುತ್ತೀರಿ.

ಇನ್ನೊಂದು ಕೆಲಸಕ್ಕೆ ಹೋಗುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ನಾನೂ ಊರು ಬಿಟ್ಟು ಬಂದವಳೇ. ದೊಡ್ಡ ತಂಡ, ಹೆಚ್ಚು ಸಂಬಳ, ಹೆಂಡತಿಯ ತವರಿಗೆ ಹತ್ತಿರ, ಹುಟ್ಟೂರಿನ ಕರೆ, ಎಲ್ಲವೂ ಹೋಗಲು ತಕ್ಕ ಕಾರಣಗಳೇ. 1957ರ ಕೊನೆಯಲ್ಲಿ ಹೆಸರಾಂತ ಕೋಚ್ ಬೇರ್ ಬ್ರಯಂಟ್ ಟೆಕ್ಸಸ್ ಎ ಅಂಡ್ ಎಂ ಬಿಟ್ಟು ತಾವು ಓದಿದ ಅಲಬಾಮಾಕ್ಕೆ ಹೊರಟಾಗ, ಅಮ್ಮ ಕರೆದಿದ್ದಾಳೆ, ಅಮ್ಮ ಕರೆದರೆ ಓಡಲೇಬೇಕು ಎಂಬ ಅರ್ಥದ ಮಾತಾಡಿದ್ದರು. ಅದನ್ನು ಕೇಳಿ ಯಾರು ತಾನೇ ಬೇಡ ಎನ್ನಲು ಸಾಧ್ಯ? ನನ್ನ ತಕರಾರು ಹೋಗುವುದರ ಬಗ್ಗೆ ಅಲ್ಲ. ಹೋಗುವಾಗ ಯಾರಿಗೆ ಮೊದಲು ಹೇಳುತ್ತೀರಿ, ಯಾವ ಬಾಯಲ್ಲಿ ಹೇಳುತ್ತೀರಿ, ಕೈಯಲ್ಲಿದ್ದ ಕೆಲಸವನ್ನು ಯಾರ ಕೈಗೆ ಕೊಟ್ಟು ಹೋಗುತ್ತೀರಿ ಎಂಬುದರ ಬಗ್ಗೆ.

ಬ್ರಯಾನ್ ಕೆಲ್ಲಿಯವರ ದಾರಿಯನ್ನೇ ನೋಡಿ. 2009ರ ಡಿಸೆಂಬರಿನಲ್ಲಿ ಅವರ ಸಿನ್ಸಿನಾಟಿ ತಂಡ ಆಡಿದ 12 ಪಂದ್ಯಗಳನ್ನೂ ಗೆದ್ದು, ಶುಗರ್ ಬೌಲ್ ಎಂಬ ಸೀಸನ್ ಕೊನೆಯ ದೊಡ್ಡ ಪಂದ್ಯಕ್ಕೆ ಸಿದ್ಧವಾಗುತ್ತಿತ್ತು. ತಂಡದ ಔತಣಕೂಟದ ರಾತ್ರಿಯೇ ಕೋಚ್ ನೋತ್ರ್ ಡಾಮ್ ವಿಶ್ವವಿದ್ಯಾಲಯಕ್ಕೆ ಹೊರಟಿದ್ದಾರೆಂದು ಹುಡುಗರಿಗೆ ತಿಳಿಯಿತು. ಸಹಾಯಕ ಕೋಚ್ ಒಬ್ಬರ ಕೆಳಗೆ ಆಡಿದ ತಂಡ ಫ್ಲಾರಿಡಾ ಎದುರು 51-24ರಿಂದ ಸೋತಿತು. ಹನ್ನೆರಡು ವರ್ಷದ ಮೇಲೆ, 2021ರ ನವೆಂಬರ್ ಕೊನೆಯಲ್ಲಿ, ಅದೇ ಕೆಲ್ಲಿ ನೋತ್ರ್ ಡಾಮ್ ಬಿಟ್ಟು ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ, ಅಂದರೆ ಎಲ್‌ಎಸ್‌ಯುಗೆ ಹೋದರು. ಹತ್ತು ವರ್ಷಕ್ಕೆ ಸುಮಾರು 9.5 ಕೋಟಿ ಡಾಲರಿನ ಒಪ್ಪಂದ. ತಂಡ 11-1ರಲ್ಲಿತ್ತು, ಅಂದರೆ ಹನ್ನೊಂದು ಗೆದ್ದು ಒಂದು ಸೋತಿತ್ತು. ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಸುದ್ದಿ ರಾತ್ರಿ ಹೊರಬಿತ್ತು, ಆಟಗಾರರಿಗೆ ಕೋಚ್‌ರಿಂದ ಬಂದದ್ದು ಒಂದು ಟೆಕ್ಸ್ಟ್ ಮೆಸೇಜ್. ಮರುದಿನ ಬೆಳಗ್ಗೆ 7ಕ್ಕೆ ಸಭೆ, ಅದೂ ಕೆಲವೇ ನಿಮಿಷ. ಹನ್ನೆರಡು ವರ್ಷ ನಡೆಸಿದ ಸಂಸಾರಕ್ಕೆ ಕೆಲವೇ ನಿಮಿಷ.

ಆ ವಾರ ನೋತ್ರ್ ಡಾಮ್ ತನ್ನ ಡಿಫೆನ್ಸಿವ್ ಕೋಆರ್ಡಿನೇಟರ್ (ತಡೆಯುವ ಆಟ ನೋಡಿಕೊಳ್ಳುವ ಸಹಾಯಕ ಕೋಚ್) ಆಗಿದ್ದ ಮಾರ್ಕಸ್ ಫ್ರೀಮನ್ ಅವರನ್ನೇ ಮುಖ್ಯ ಕೋಚ್ ಮಾಡಿತು. ಅವರು ಕೋಣೆಗೆ ಬಂದಾಗ ಹುಡುಗರು ಕುಣಿದು ಅಪ್ಪಿಕೊಂಡ ವಿಡಿಯೊ ನೀವೆಲ್ಲ ನೋಡಿದ್ದೀರಿ. ಮೂರು ವರ್ಷದಲ್ಲಿ ಅವರು ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೂ ಕರೆದೊಯ್ದರು. ಆ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಷ್ಟು ಸಂತೋಷ ಹೊಸಬರ ಮೇಲಿನ ಪ್ರೀತಿಯಿಂದ ಮಾತ್ರ ಬಂದದ್ದಲ್ಲ ಎಂದು ನನಗೆ ಅನ್ನಿಸುತ್ತದೆ. ಇರುವವರು ಒಬ್ಬರಾದರೂ ಸಿಕ್ಕರಲ್ಲ ಎಂಬ ಸಮಾಧಾನ ಆ ಕೂಗಿನಲ್ಲಿತ್ತು.

ಎಲ್‌ಎಸ್‌ಯು 2025ರ ಅಕ್ಟೋಬರ್ 26ರಂದು ಕೆಲ್ಲಿಯವರನ್ನು ತೆಗೆದುಹಾಕಿತು. ಒಪ್ಪಂದದ ಪ್ರಕಾರ ಬಾಕಿ ಉಳಿದದ್ದು ಸುಮಾರು 5.4 ಕೋಟಿ ಡಾಲರ್. ಆ ಖಾಲಿ ಜಾಗಕ್ಕೆ ಸುಮಾರು ಒಂದು ತಿಂಗಳಲ್ಲಿ ಕರೆದದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ, ಎಲ್ಲರೂ ಓಲ್ ಮಿಸ್ ಎಂದು ಕರೆಯುವ ತಂಡದ, ಲೇನ್ ಕಿಫಿನ್ ಅವರನ್ನು. ಓಲ್ ಮಿಸ್ 11-1. ಅದರ ಇತಿಹಾಸದಲ್ಲೇ ಮೊದಲ ಪ್ಲೇಆಫ್ ಎದುರಿಗಿತ್ತು. ನವೆಂಬರ್ 30ರಂದು ಕಿಫಿನ್ ಹೊರಟರು. ಪ್ಲೇಆಫ್ ಮುಗಿಯುವವರೆಗೆ ನಾನೇ ತಂಡ ನಡೆಸುತ್ತೇನೆ ಎಂದು ಕೇಳಿದರು, ಕ್ರೀಡಾ ನಿರ್ದೇಶಕ ಕೀತ್ ಕಾರ್ಟರ್ ಒಪ್ಪಲಿಲ್ಲ. ಆಟಗಾರರೂ ನಾನಿರಬೇಕೆಂದು ಕೇಳಿಕೊಂಡಿದ್ದರು ಎಂದು ಕಿಫಿನ್ ಹೇಳಿಕೆ ಕೊಟ್ಟರು. ಅವರ ತಂಡದ ಹುಡುಗರೇ ಕೆಲವರು ಅದನ್ನು ಬಹಿರಂಗವಾಗಿ ಅಲ್ಲಗಳೆದರು. ಓಲ್ ಮಿಸ್ ಇರುವ ಆಕ್ಸ್‌ಫರ್ಡ್ ಊರಿನ ಚಿಕ್ಕ ವಿಮಾನ ನಿಲ್ದಾಣಕ್ಕೆ ಜನ ಬಂದು ಅವರ ವಿರುದ್ಧ ಕೂಗಿದರು. ಕಿಫಿನ್ ಅವರಿಗೆ ಇದು ಮೊದಲ ಸಲವೂ ಅಲ್ಲ. 2010ರ ಜನವರಿಯಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ತಂಡವನ್ನು ಒಂದೇ ಸೀಸನ್ ನಡೆಸಿ ಯುಎಸ್‌ಸಿ ವಿಶ್ವವಿದ್ಯಾಲಯಕ್ಕೆ ಹೋದಾಗ, ಟೆನೆಸ್ಸಿ ತಂಡದ ಊರಾದ ನಾಕ್ಸ್‌ವಿಲ್‌ನ ವಿದ್ಯಾರ್ಥಿಗಳು ಬೀದಿಗೆ ಬಂದಿದ್ದರು.

ಮುಂದೆ ಆದದ್ದನ್ನು ನಿಧಾನವಾಗಿ ಹೇಳಬೇಕು. ಓಲ್ ಮಿಸ್‌ನ ಮೊದಲ ಪ್ಲೇಆಫ್ ಪಂದ್ಯ ಡಿಸೆಂಬರ್ 20ರಂದು, ಟುಲೇನ್ ಎದುರು. ಟುಲೇನ್ ಕೋಚ್ ಜಾನ್ ಸಮ್ರಾಲ್ ಕೂಡ ಅದೇ ನವೆಂಬರ್ 30ರಂದು ಫ್ಲಾರಿಡಾದ ಕೆಲಸ ಒಪ್ಪಿಕೊಂಡಿದ್ದರು. ಆದರೆ ಪ್ಲೇಆಫ್ ಮುಗಿಯುವವರೆಗೆ ಅವರು ಟುಲೇನ್‌ನಲ್ಲೇ ಉಳಿದರು, ಉಳಿಯಲು ಎರಡೂ ವಿಶ್ವವಿದ್ಯಾಲಯಗಳು ಒಪ್ಪಿದವು. ಪ್ಲೇಆಫ್‌ಗೆ ಮುಂಚೆ, ತಮ್ಮ ಕಾನ್ಫರೆನ್ಸ್ ಎಂಬ ತಂಡಗಳ ಗುಂಪಿನ ಫೈನಲ್‌ನಲ್ಲಿ ಅವರು ಸೋಲಿಸಿದ ನಾರ್ತ್ ಟೆಕ್ಸಸ್ ತಂಡದ ಕೋಚ್ ಎರಿಕ್ ಮಾರಿಸ್ ಕೂಡ ಒಕ್ಲಹೋಮಾ ಸ್ಟೇಟ್‌ಗೆ ಹೋಗಲು ಒಪ್ಪಿ ಆಗಿತ್ತು. ಬೇರೆ ಕೆಲಸ ಕೈಯಲ್ಲಿದ್ದ ಇಬ್ಬರು ತಮ್ಮ ತಮ್ಮ ಹುಡುಗರ ಜೊತೆ ಆ ಫೈನಲ್‌ನ ರಾತ್ರಿ ಸೈಡ್‌ಲೈನ್‌ನಲ್ಲಿ ನಿಂತಿದ್ದರು. ಜೇಮ್ಸ್ ಮ್ಯಾಡಿಸನ್‌ನ ಬಾಬ್ ಚೆಸ್ನಿ ಕೂಡ ಯುಸಿಎಲ್‌ಎಗೆ ಹೋಗುವ ಮುಂಚೆ ಆರೆಗನ್ ಎದುರಿನ ಪ್ಲೇಆಫ್ ಪಂದ್ಯ ಆಡಿಸಿಯೇ ಹೋದರು. ಇದು ಆಗದ ಕೆಲಸ ಎಂದು ನನಗೆ ಯಾರೂ ಹೇಳಬೇಡಿ. ಒಂದೇ ತಿಂಗಳಲ್ಲಿ ಮೂವರು ಮಾಡಿ ತೋರಿಸಿದ್ದಾರೆ.

ಓಲ್ ಮಿಸ್ ಟುಲೇನನ್ನು 41-10ರಿಂದ ಸೋಲಿಸಿತು. ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಪೀಟ್ ಗೋಲ್ಡಿಂಗ್ ಮುಖ್ಯ ಕೋಚ್ ಆಗಿದ್ದರು. ಹೊಸ ವರ್ಷದ ದಿನ ಶುಗರ್ ಬೌಲ್‌ನಲ್ಲಿ ಜಾರ್ಜಿಯಾವನ್ನು 39-34ರಿಂದ ಗೆದ್ದರು, ಸೆಮಿಫೈನಲ್‌ನಲ್ಲಿ ಮಯಾಮಿ ಎದುರು 31-27ರಿಂದ ಸೋತರು. ನೋಡಿ, ಕೋಚ್ ಹೋದರೂ ಹುಡುಗರು ಗೆದ್ದರಲ್ಲ, ನಷ್ಟ ಏನಾಯಿತು ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಅವರು ಗೆದ್ದದ್ದು ಅವರ ದೊಡ್ಡತನ. ಮನೆ ಯಜಮಾನ ಹೇಳದೆ ಹೋದ ಮೇಲೂ ಮಕ್ಕಳು ಹೊಲ ಉತ್ತರು ಎಂದರೆ ಯಜಮಾನ ಮಾಡಿದ್ದು ಸರಿಯಾಗುತ್ತದೆಯೇ?

ಈ ಹೊತ್ತಿನಲ್ಲಿ ನನಗೆ ಬೇಡವೆಂದರೂ ನೆನಪಾಗುವುದು ನಮ್ಮಪ್ಪ.

ಅಪ್ಪ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು. ವರ್ಗಾವಣೆ ಅವರಿಗೆ ಮಳೆಗಾಲದಷ್ಟೇ ಸಹಜ. ಮೊದಲ ಕೆಲಸ ಸಕಲೇಶಪುರದ ಕಡೆ. ಅಲ್ಲಿ ನಾಲ್ಕು ವರ್ಷ ಹುಡುಗರ ಖೋಖೋ ತಂಡ ಕಟ್ಟಿದರು. ನಮ್ಮೂರ ಹತ್ತಿರದ ಶಾಲೆಗೆ ವರ್ಗವಾದ ಆರ್ಡರ್ ಬೇಸಿಗೆ ರಜೆಯಲ್ಲಿ ಬಂತು. ರಿಲೀವ್ ಆಗಿ, ಟ್ರಂಕನ್ನು ಬಸ್ಸಿನ ಟಾಪಿಗೆ ಹಾಕಿಸಿ ಬಂದುಬಿಟ್ಟರು. ಜೂನ್‌ನಲ್ಲಿ ಶಾಲೆ ಶುರುವಾದಾಗ ಹುಡುಗರು ಮೈದಾನದಲ್ಲಿ ತಾವೇ ಖೋಖೋ ಕಂಬ ನೆಟ್ಟು, ಸುಣ್ಣದಲ್ಲಿ ಗೆರೆ ಎಳೆದು, ಮೇಷ್ಟ್ರು ಬರುತ್ತಾರೆಂದು ಕಾದರಂತೆ. ಇದು ಅಪ್ಪನಿಗೆ ಗೊತ್ತಾದದ್ದು ಏಳೆಂಟು ವರ್ಷದ ಮೇಲೆ, ಹಾಸನದ ಬಸ್‌ಸ್ಟ್ಯಾಂಡಿನಲ್ಲಿ. ಕಂಡಕ್ಟರ್ ಆಗಿದ್ದ ಒಬ್ಬ ಯುವಕ ಟಿಕೆಟ್ ಕೊಡುತ್ತಾ ಗುರುತು ಹಿಡಿದ. ಕಾಲಿಗೆ ನಮಸ್ಕಾರ ಮಾಡಿದ. "ಒಂದು ಮಾತು ಹೇಳಿ ಹೋಗಬೋದಿತ್ತು ಮೇಷ್ಟ್ರೇ" ಎಂದ. ಸಿಟ್ಟಿನಲ್ಲಿ ಹೇಳಿದ್ದಲ್ಲ, ನಗುತ್ತಲೇ ಹೇಳಿದನಂತೆ. ಅಪ್ಪ ಈ ಕತೆ ನನಗೆ ಹೇಳಿದ್ದು ಒಂದೇ ಸಲ, ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮುಂದಿನ ವರ್ಗಾವಣೆ ಬಂದಾಗ ನನಗೆ ಹತ್ತು ವರ್ಷ. ಹುಡುಗಿಯರ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ತಯಾರಾಗುತ್ತಿತ್ತು. ಆರ್ಡರ್ ಕೈಗೆ ಬಂದ ಸಂಜೆಯೇ ಅಪ್ಪ ಆ ಹುಡುಗಿಯರನ್ನೆಲ್ಲ ಧ್ವಜಕಟ್ಟೆಯ ಮೇಲೆ ಕೂರಿಸಿಕೊಂಡು ವಿಷಯ ಹೇಳಿದರು. ಮನೆಯಲ್ಲಿ ಅಮ್ಮನಿಗೂ ಇನ್ನೂ ಹೇಳಿರಲಿಲ್ಲ. ಇಬ್ಬರು ಮೂವರು ಅತ್ತರು. ಒಬ್ಬಳು ಎದ್ದು ಹೋಗಿಯೇಬಿಟ್ಟಳು, ಅಪ್ಪ ಅವಳನ್ನು ತಡೆಯಲಿಲ್ಲ. ಆ ರಾತ್ರಿಯಿಂದ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಒಬ್ಬೊಬ್ಬಳಿಗೆ ಎರಡೆರಡು ಪುಟ ಬರೆದರು. ಯಾರ ಮೊಣಕಾಲು ಸರಿಯಿಲ್ಲ, ಯಾರನ್ನು ಕತ್ತಲಾಗುವ ಮುಂಚೆ ಮನೆಗೆ ಕಳಿಸಬೇಕು, ಯಾರು ಗದರಿದರೆ ಕುಗ್ಗುತ್ತಾಳೆ, ಯಾರಿಗೆ ಬೆಳಗ್ಗೆ ತಿಂಡಿ ಸಿಗುವುದಿಲ್ಲ. ಹೊಸ ಮೇಷ್ಟ್ರಿಗೆ ಸೀಟಿಯ ಜೊತೆ ಆ ನೋಟ್‌ಬುಕ್ಕನ್ನೂ ಕೊಟ್ಟು ಚಾರ್ಜ್ ವಹಿಸಿದರು. ಹುಡುಗಿಯರು ಜಿಲ್ಲಾ ಮಟ್ಟದ ಮೊದಲ ಪಂದ್ಯದಲ್ಲೇ ಸೋತರು. ಅಪ್ಪ ಮಾತ್ರ ರಜೆ ಹಾಕಿ ಹೋಗಿ, ಬೇಲಿಯ ಪಕ್ಕ ನಿಂತು ಆ ಪಂದ್ಯ ನೋಡಿದ್ದರು.

ಕೋಟಿಗಟ್ಟಲೆ ಡಾಲರಿನ ವ್ಯವಹಾರಕ್ಕೂ ಹಳ್ಳಿಯ ಖೋಖೋಗೂ ಎಲ್ಲಿಯ ಹೋಲಿಕೆ ಎನ್ನಬೇಡಿ. ನಿಮ್ಮಲ್ಲೇ ಹಾಗೆ ಮಾಡಿದವರಿದ್ದಾರೆ. ಗ್ಯಾರಿ ಆಂಡರ್ಸನ್ 2012ರ ಡಿಸೆಂಬರಿನಲ್ಲಿ ಯೂಟಾ ಸ್ಟೇಟ್ ಬಿಟ್ಟು ವಿಸ್ಕಾನ್ಸಿನ್‌ಗೆ ಹೊರಟರು. ಕೆಲವು ವಾರಗಳ ಹಿಂದಷ್ಟೇ ಇಲ್ಲೇ ಉಳಿಯುತ್ತೇನೆ ಎಂದಿದ್ದವರು ಅವರು. ಆ ಮಾತು ಮುರಿಯಿತು. ಆದರೆ ಅವರು ನೂರಕ್ಕೂ ಹೆಚ್ಚು ಆಟಗಾರರಿಗೆ ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿ ತಿಳಿಸಿದರು. ಒಂದೊಂದು ಕರೆಗೆ ಮೂರು ನಿಮಿಷ ಎಂದರೂ ಐದು ಗಂಟೆಗಿಂತ ಹೆಚ್ಚು. ಪ್ರತಿ ಕರೆಯಲ್ಲೂ ಆ ಕಡೆಯ ಮೌನವನ್ನು ಕೇಳಿಸಿಕೊಳ್ಳಬೇಕು. ಐದು ವರ್ಷದ ಮೇಲೆ ಅವರೇ ಆರೆಗನ್ ಸ್ಟೇಟ್‌ನಲ್ಲಿ ತಂಡ ಸೋಲುತ್ತಿದ್ದಾಗ, ಒಪ್ಪಂದದಲ್ಲಿ ತಮಗೆ ಬರಬೇಕಿದ್ದ 1.2 ಕೋಟಿ ಡಾಲರಿಗೂ ಹೆಚ್ಚಿನ ಹಣ ಬಿಟ್ಟುಕೊಟ್ಟು ನಡುವೆಯೇ ಕೆಲಸ ಬಿಟ್ಟರು. ಸೀಸನ್ ನಡುವೆ ಬಿಟ್ಟದ್ದು ಸರಿಯೋ ತಪ್ಪೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ. ಆ ಮನುಷ್ಯನ ಮೇಲೆ ಗೌರವವಂತೂ ಇದೆ.

ಸ್ಕಾಟ್ ಫ್ರಾಸ್ಟ್ 2017ರಲ್ಲಿ ಮಾಡಿದ್ದನ್ನು ಫ್ಲಾರಿಡಾದ ಓರ್ಲಾಂಡೊದಲ್ಲಿ ಇಂದಿಗೂ ನೆನೆಯುತ್ತಾರೆ. ಅಲ್ಲಿಯ ಯುಸಿಎಫ್ ವಿಶ್ವವಿದ್ಯಾಲಯದ ಅವರ ತಂಡ ಡಿಸೆಂಬರ್ 2ರಂದು ಎರಡು ಓವರ್‌ಟೈಮ್ ಆಡಿ ಮೆಂಫಿಸ್ ಎದುರು 62-55ರಿಂದ ಗೆದ್ದು 12-0 ಆಯಿತು. ಅದೇ ದಿನ ಅವರು ತಾವು ಆಡಿದ ನೆಬ್ರಾಸ್ಕಾಕ್ಕೆ ಕೋಚ್ ಆದರು. ಅಲ್ಲಿಯ ಕೆಲಸ ನೋಡಿಕೊಳ್ಳುತ್ತಲೇ ಹಿಂದಕ್ಕೆ ಬಂದು ಪೀಚ್ ಬೌಲ್‌ನಲ್ಲಿ ಆಬರ್ನ್ ಎದುರು ಹುಡುಗರನ್ನು ಆಡಿಸಿದರು. 34-27ರಿಂದ ಗೆದ್ದು 13-0 ಆದ ಮೇಲೆಯೇ ಹೊರಟರು. ನೆಬ್ರಾಸ್ಕಾ 2022ರಲ್ಲಿ ಅವರನ್ನು ತೆಗೆಯಿತು. 2024ರ ಡಿಸೆಂಬರಿನಲ್ಲಿ ಯುಸಿಎಫ್ ಮತ್ತೆ ಕರೆಯಿತು, ಹೋದರು.

ನಮ್ಮ ಭಾಷೆಯಲ್ಲಿ ಮನೆಯಿಂದ ಹೊರಡುವಾಗ "ಹೋಗ್ತೀನಿ" ಎನ್ನುವುದು ಅಶುಭ. "ಹೋಗಿ ಬರ್ತೀನಿ" ಎನ್ನಬೇಕು. ಹಾಗೆ ಹೇಳಿ ಹೊರಡುವವರಿಗೆ ಬಾಗಿಲು ತೆರೆದೇ ಇರುತ್ತದೆ. ಹೇಳದೆ ಹೋದವರಿಗೆ ತೆರೆಯಲು ಎಷ್ಟು ಕಾಲ ಬೇಕೆಂಬುದಕ್ಕೆ ರಿಚ್ ರೋಡ್ರಿಗೆಜ್ ಸಾಕ್ಷಿ. ಅವರು ವೆಸ್ಟ್ ವರ್ಜೀನಿಯಾದವರೇ. 2007ರ ಡಿಸೆಂಬರಿನಲ್ಲಿ ಅದೇ ರಾಜ್ಯದ ವಿಶ್ವವಿದ್ಯಾಲಯ ಬಿಟ್ಟು ಮಿಶಿಗನ್‌ಗೆ ಹೋದರು. ಒಪ್ಪಂದ ನಡುವೆ ಮುರಿದದ್ದಕ್ಕೆ ಕೊಡಬೇಕಾದ 40 ಲಕ್ಷ ಡಾಲರ್ ಬೈಔಟ್‌ಗಾಗಿ ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತು, ಕೊನೆಗೆ ಮಿಶಿಗನ್ 25 ಲಕ್ಷ, ಅವರು 15 ಲಕ್ಷ ಎಂದು ರಾಜಿಯಾಯಿತು. ಊರಿನ ಮಗನ ಮೇಲೆ ಊರಿಗೇ ಮುನಿಸು. ಅವರು ಮತ್ತೆ ಆ ಊರಿನ ಕೋಚ್ ಆದದ್ದು 2024ರ ಕೊನೆಯಲ್ಲಿ, ಹದಿನೇಳು ವರ್ಷದ ಮೇಲೆ.

ಸುಳ್ಳಿನ ಬಗ್ಗೆಯೂ ಒಂದು ಮಾತು. 1998ರಲ್ಲಿ ಓಲ್ ಮಿಸ್‌ನ ಟಾಮಿ ಟಬರ್ವಿಲ್, ನನ್ನನ್ನು ಇಲ್ಲಿಂದ ಹೊರಗೆ ತರಬೇಕಾದರೆ ಶವಪೆಟ್ಟಿಗೆಯಲ್ಲೇ ತರಬೇಕು ಎಂದಿದ್ದರು. ಕೆಲವೇ ದಿನಗಳಲ್ಲಿ ಆಬರ್ನ್‌ಗೆ ಹೋದರು. ವೃತ್ತಿಪರ ತಂಡ ಮಯಾಮಿ ಡಾಲ್ಫಿನ್ಸ್‌ನಲ್ಲಿ ಕೋಚ್ ಆಗಿದ್ದ ನಿಕ್ ಸೇಬನ್ 2006ರ ಡಿಸೆಂಬರ್ 21ರಂದು, ನಾನು ಅಲಬಾಮಾ ಕೋಚ್ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಎರಡು ವಾರ ಕಳೆಯುವಷ್ಟರಲ್ಲಿ ಅಲಬಾಮಾ ಕೋಚ್ ಆಗಿದ್ದರು. ಮಾತುಕತೆ ನಡೆಯುತ್ತಿರುವಾಗ ಎಲ್ಲವನ್ನೂ ಬಿಚ್ಚಿಡಲು ಆಗದು ಎಂಬುದು ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಸುಮ್ಮನಿರಿ. ಈಗ ಉತ್ತರ ಕೊಡಲಾರೆ ಎನ್ನಿ. ಹುಡುಗರು ನಿಮ್ಮ ಮೌನವನ್ನು ತಡೆದುಕೊಳ್ಳುತ್ತಾರೆ. ಪತ್ರಿಕೆಯವರ ಮುಂದೆ ನೀವು ಹೇಳಿದ ಮಾತನ್ನು ಅವರು ರಾತ್ರಿ ಅಮ್ಮಂದಿರಿಗೆ ಫೋನ್ ಮಾಡಿ ಹೇಳಿರುತ್ತಾರೆ.

ಇಷ್ಟು ಹೇಳಿದ ಮೇಲೆ ವಿಶ್ವವಿದ್ಯಾಲಯಗಳ ಅಧ್ಯಕ್ಷರಾದ ನಿಮ್ಮ ಕಡೆ ತಿರುಗದಿದ್ದರೆ ಅನ್ಯಾಯವಾಗುತ್ತದೆ. ಪೆನ್ ಸ್ಟೇಟ್‌ನ ಜೇಮ್ಸ್ ಫ್ರಾಂಕ್ಲಿನ್ 2025ರ ಜನವರಿಯಲ್ಲಿ ತಂಡವನ್ನು ಪ್ಲೇಆಫ್ ಸೆಮಿಫೈನಲ್‌ಗೆ ತಂದಿದ್ದರು. ಮೂರು ಪಂದ್ಯ ಸತತವಾಗಿ ಸೋತದ್ದಕ್ಕೆ ಅದೇ ವರ್ಷದ ಅಕ್ಟೋಬರಿನಲ್ಲಿ, ಸೀಸನ್ ನಡುವೆಯೇ, ಕೆಲಸ ಹೋಯಿತು. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ಜಿಂಬೋ ಫಿಶರ್ ಅವರನ್ನು ಕಳಿಸಲು 7.5 ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಿತು. ನಮಗೆ ನಿಷ್ಠೆ ತೋರಿಸದವರಿಗೆ ನಾವೇಕೆ ತೋರಿಸಬೇಕು ಎಂದು ಕೋಚ್‌ಗಳು ಕೇಳಿದರೆ ಅದಕ್ಕೆ ನಿಮ್ಮಲ್ಲಿ ಉತ್ತರವಿಲ್ಲ. ನಿಷ್ಠೆ ಬೇಕಾದದ್ದು ನಿಮ್ಮಿಬ್ಬರ ನಡುವೆ ಅಲ್ಲ, ಆ ಹುಡುಗರಿಗೆ ನಿಮ್ಮಿಬ್ಬರಿಂದಲೂ.

ಒಬ್ಬರನ್ನು ಕರೆದರೆ ಎಷ್ಟು ಊರು ಅಲುಗಾಡುತ್ತದೆಂದು ನೋಡಿ. ಸೇಬನ್ 2024ರ ಜನವರಿ 10ರಂದು ನಿವೃತ್ತರಾದರು. ಎರಡೇ ದಿನದಲ್ಲಿ ಅಲಬಾಮಾ ವಾಷಿಂಗ್ಟನ್‌ನ ಕೇಲನ್ ಡಿಬೋರ್ ಅವರನ್ನು ಕರೆತಂದಿತು. ಅವರ ಹುಡುಗರು ರಾಷ್ಟ್ರೀಯ ಫೈನಲ್ ಸೋತು ಇನ್ನೂ ನಾಲ್ಕು ದಿನ ಆಗಿತ್ತು. ವಾಷಿಂಗ್ಟನ್ ಅರಿಜೋನಾದ ಜೆಡ್ ಫಿಶ್ ಅವರನ್ನು, ಅರಿಜೋನಾ ಸ್ಯಾನ್ ಹೋಸೆ ಸ್ಟೇಟ್‌ನ ಬ್ರೆಂಟ್ ಬ್ರೆನನ್ ಅವರನ್ನು ಎತ್ತಿಕೊಂಡವು. ಒಂದು ವಾರದೊಳಗೆ ನಾಲ್ಕು ತಂಡಗಳ ಹುಡುಗರು ತಮ್ಮನ್ನು ಕರೆತಂದವರು ಇಲ್ಲದೆ ನಿಂತಿದ್ದರು. ಅವರ ಜೊತೆ ಸಹಾಯಕ ಕೋಚ್‌ಗಳು, ವಿಡಿಯೊ ನೋಡಿಕೊಳ್ಳುವವರು, ಮಕ್ಕಳನ್ನು ಶಾಲೆ ನಡುವೆ ಬಿಡಿಸಬೇಕಾದ ಅವರ ಮನೆಯವರು. ಈ ಸಾಲಿನಲ್ಲಿ ಯಾರೂ ಕೆಟ್ಟವರಲ್ಲ. ಅದೇ ನನ್ನನ್ನು ಹೆಚ್ಚು ಕಾಡುತ್ತದೆ.

ಈಗ ಹುಡುಗರಿಗೂ ಹಣ ಬರುತ್ತದೆ, ಅವರೂ ತಂಡ ಬದಲಿಸುತ್ತಾರೆ, ಆದ್ದರಿಂದ ಲೆಕ್ಕ ಸರಿಹೋಯಿತು ಎಂಬ ವಾದ ನನ್ನ ಮೇಜಿನ ಸುತ್ತಲೂ ಕೇಳಿಸುತ್ತದೆ. 2021ರವರೆಗೂ ಫುಟ್‌ಬಾಲ್ ಆಟಗಾರ ಕಾಲೇಜು ಬದಲಿಸಿದರೆ ಒಂದು ವರ್ಷ ಆಡುವಂತಿರಲಿಲ್ಲ, ಕೋಚ್ ಮಾತ್ರ ಮರುದಿನವೇ ಹೊಸ ಟೋಪಿ ಹಾಕಿಕೊಳ್ಳಬಹುದಿತ್ತು. ಈಗ ಆ ತಡೆಯಿಲ್ಲ. 2025ರ ಜೂನ್‌ನ ಕೋರ್ಟ್ ಒಪ್ಪಂದದ ಮೇಲೆ ವಿಶ್ವವಿದ್ಯಾಲಯಗಳು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು. ಒಳ್ಳೆಯದು, ಅದು ಅವರಿಗೆ ಸಲ್ಲಬೇಕಾದದ್ದೇ. ಆದರೆ ಆ ಹಣದ ದೊಡ್ಡ ಪಾಲು ಕೆಲವೇ ಹುಡುಗರಿಗೆ. ನನ್ನೆದುರು ಬಂದು ಕೂರುವ, ತಂಡದಲ್ಲಿ ಮೂರನೇ ಸಾಲಿನವನಾಗಿ ಆಡಲು ಅಪರೂಪಕ್ಕೆ ಸಿಗುವ ಹುಡುಗನಿಗೆ ಇರುವುದು ಡಿಗ್ರಿ ಒಂದೇ. ನಿಯಮದ ಪ್ರಕಾರ ಅವನು ಎರಡು ವರ್ಷ ಮುಗಿಸುವಷ್ಟರಲ್ಲಿ ಡಿಗ್ರಿಯ 40 ಶೇಕಡ, ಮೂರಕ್ಕೆ 60, ನಾಲ್ಕಕ್ಕೆ 80 ಶೇಕಡ ಪೂರೈಸಿರಬೇಕು. ಕಾಲೇಜು ಬದಲಿಸಿದರೆ ಇಲ್ಲಿ ಪಾಸಾದ ಕೋರ್ಸು ಅಲ್ಲಿ ಲೆಕ್ಕಕ್ಕೆ ಬರದೆ ಹೋಗಬಹುದು. ಎಷ್ಟೋ ಹುಡುಗರು ಆ ಶೇಕಡಗಳಿಗಾಗಿ ತಮಗೆ ಇಷ್ಟವಾದ ವಿಷಯ ಬಿಟ್ಟು ಸಿಕ್ಕಿದ ವಿಷಯಕ್ಕೆ ಸೇರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಂಜಿನಿಯರಿಂಗ್ ಓದಬೇಕೆಂದಿದ್ದ ಒಬ್ಬನನ್ನಂತೂ ಮರೆಯಲಾರೆ.

ಎಲ್ಲಕ್ಕಿಂತ ನೋವಾಗುವುದು ಇದೆಲ್ಲ ನಡೆಯುವ ವಾರ. ನವೆಂಬರ್ ಕೊನೆ, ಡಿಸೆಂಬರ್ ಮೊದಲು. ಇಲ್ಲಿ ಸೆಮಿಸ್ಟರ್ ಪರೀಕ್ಷೆ ಬರುವುದು ಆಗಲೇ. ಹೈಸ್ಕೂಲಿನ ಹುಡುಗರ ಸಹಿ ಫೆಬ್ರವರಿಯಲ್ಲಿ ಮಾತ್ರ ಇದ್ದ ಕಾಲದಲ್ಲಿ ಇಷ್ಟು ಅವಸರ ಇರಲಿಲ್ಲ. 2017ರಿಂದ ಡಿಸೆಂಬರಿನಲ್ಲೂ ಸಹಿ ಹಾಕಬಹುದು, 2025ರಲ್ಲಿ ಅದು ಡಿಸೆಂಬರ್ 3ಕ್ಕೇ ಬಂತು. 2026ರಲ್ಲಿ ತಂಡ ಬದಲಿಸುವ ಪೋರ್ಟಲ್ ಜನವರಿ 2ಕ್ಕೆ ತೆರೆಯಿತು, ಪ್ಲೇಆಫ್ ಫೈನಲ್ ಮಾತ್ರ ಜನವರಿ 19ಕ್ಕಿತ್ತು. ಹುಡುಗರ ಸಹಿ ಕೈತಪ್ಪಬಾರದೆಂದರೆ ಹೊಸ ಕೋಚ್ ನವೆಂಬರಿನಲ್ಲೇ ಬರಬೇಕು, ಅಂದರೆ ಯಾವುದೋ ಊರಿನ ಹಳೆಯ ಕೋಚ್ ನವೆಂಬರಿನಲ್ಲೇ ಹೊರಡಬೇಕು. ಈ ಕ್ಯಾಲೆಂಡರ್ ಮಾಡಿದವರು ಕೋಚ್‌ಗಳಲ್ಲ, ನೀವು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಪ್ಲೇಆಫ್ ಆಡುತ್ತಿರುವ ತಂಡದ ಕೋಚನ್ನು ಇನ್ನೊಬ್ಬರು ಯಾವಾಗ ಸಂದರ್ಶಿಸಬಹುದೆಂದು ನಿಯಮವಿದೆ. ದುಡ್ಡಿಗಾಗಿಯೇ ನಡೆಯುವ ಲೀಗಿಗೆ ಇರುವ ಶಿಸ್ತು ವಿದ್ಯಾಸಂಸ್ಥೆಗಳಿಗೆ ಯಾಕಿಲ್ಲ? ಸಹಿಯ ದಿನವನ್ನು ಸೀಸನ್ ಮುಗಿದ ಮೇಲಕ್ಕೆ ತಳ್ಳಿ. ಅದೊಂದೇ ಮಾಡಿದರೂ ಅರ್ಧ ಸಂಕಟ ಕಡಿಮೆಯಾಗುತ್ತದೆ.

ಉಳಿದ ಅರ್ಧಕ್ಕೆ ಒಪ್ಪಂದ ಪತ್ರವಿದೆ. ಕೋಚ್ ಹೊರಟರೆ ಯಾರು ಯಾರಿಗೆ ಎಷ್ಟು ಡಾಲರ್ ಕೊಡಬೇಕು ಎಂದು ಹತ್ತಾರು ಪುಟ ಬರೆಸುತ್ತೀರಿ. ಹುಡುಗರಿಗೆ ಯಾವಾಗ, ಹೇಗೆ ಹೇಳಬೇಕು ಎಂಬುದಕ್ಕೆ ನಾಲ್ಕು ಸಾಲು ಸೇರಿಸಿ. ಸಹಿ ಮಾಡಿದ ಸುದ್ದಿ ಹೊರಡುವ ಮುಂಚೆ ಕೋಚ್ ತಂಡದ ಮುಂದೆ ಖುದ್ದಾಗಿ ನಿಲ್ಲಬೇಕು. ಕರೆಸಿಕೊಳ್ಳುವ ವಿಶ್ವವಿದ್ಯಾಲಯ ಅಲ್ಲಿಯವರೆಗೆ ಬಾಯಿ ಬಿಡಬಾರದು, ಬಿಟ್ಟರೆ ದಂಡ ಆ ಹುಡುಗರ ಓದಿನ ನಿಧಿಗೆ ಸೇರಬೇಕು. ಸುದ್ದಿ ಸೋರಿಬಿಡುತ್ತದೆ ಎನ್ನುತ್ತೀರಿ. ಸೋರುವುದು ನಿಮ್ಮ ಏಜೆಂಟರ, ನಿಮ್ಮ ಆಫೀಸುಗಳ ಫೋನುಗಳಿಂದಲೇ ತಾನೆ. ಸೋರಿದರೆ ಆ ರಾತ್ರಿಯೇ ಹುಡುಗರನ್ನು ಕರೆಯಿರಿ, ಹನ್ನೊಂದು ಗಂಟೆಯಾದರೂ ಬರುತ್ತಾರೆ. ಅವರು ಹೇಗೂ ನಿದ್ದೆ ಮಾಡಿರುವುದಿಲ್ಲ. ಅವರು ಕೇಳುವಷ್ಟು ಹೊತ್ತೂ ಕೂತು ಉತ್ತರ ಕೊಡಿ. ಸಿಟ್ಟಾದರೆ ಆಗಲಿ, ಎದ್ದು ಹೋದರೆ ಹೋಗಲಿ. ಒಬ್ಬೊಬ್ಬನ ಬಗ್ಗೆಯೂ ನಿಮಗೆ ಗೊತ್ತಿರುವುದನ್ನು ಬರೆದು ಮುಂದೆ ಬರುವವರ ಕೈಗೆ ಕೊಡಿ. ಯಾವ ಆಟ ಯಾರಿಗೆ ಒಗ್ಗುತ್ತದೆ ಎಂಬುದು ವಿಡಿಯೊದಲ್ಲಿ ಸಿಗುತ್ತದೆ. ಯಾರ ಅಪ್ಪ ಹೋದ ತಿಂಗಳು ತೀರಿಕೊಂಡರು ಎಂಬುದು ಸಿಗುವುದಿಲ್ಲ.

ನಮ್ಮ ತಂಡದ ಆ ಲೈನ್‌ಬ್ಯಾಕರ್ ಎರಡು ದಿನ ಬಿಟ್ಟು ಪರೀಕ್ಷೆ ಬರೆದ. ನಾನಂದುಕೊಂಡಷ್ಟು ಅಂಕ ಬರಲಿಲ್ಲ, ಆದರೆ ಪಾಸಾದ. ಹೊಸ ಕೋಚ್ ಬಂದರು, ಅವರು ತಮಗೆ ಬೇಕಾದ ಹುಡುಗರನ್ನು ತಂದರು. ಇವನಿಗೆ ಜಾಗ ಇರಲಿಲ್ಲ. ಜನವರಿಯ ಒಂದು ಮಧ್ಯಾಹ್ನ, ಹೊರಗೆ ಹಿಮ ಬೀಳುತ್ತಿತ್ತು, ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ. ಟೋಪಿ ಕೈಯಲ್ಲಿತ್ತು. ಬೇರೆ ಕಾಲೇಜಿಗೆ ಹೋಗುತ್ತಿದ್ದೇನೆ, ಇನ್ನೂ ಯಾರಿಗೂ ಗೊತ್ತಿಲ್ಲ, ನಿಮಗೆ ಹೇಳಿ ಹೋಗೋಣ ಅಂತ ಬಂದೆ ಎಂದ. ಸೆಪ್ಟೆಂಬರಿನಲ್ಲಿ ನನ್ನಿಂದ ತೆಗೆದುಕೊಂಡು ಹೋಗಿದ್ದ ಕ್ಯಾಲ್ಕುಲೇಟರನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಹೊಸ ಬ್ಯಾಟರಿ ಹಾಕಿಸಿದ್ದ. ಅವನಿಗೆ ಆಗ ಹತ್ತೊಂಬತ್ತು ವರ್ಷ.

ಇಂತಿ,
ಎರಡನೇ ಮಹಡಿಯ ಗಣಿತದ ಟ್ಯೂಟರ್